ಬಂಡೆ ಹತ್ತಿ ಸುದ್ದಿ ತರುತ್ತಿದ್ದ ಅತ್ತೆ

ಅತ್ತೆಯ ಬಿಳಿ ಮಾಸ್ಕಿನ ಮೇಲೆ, ಸರಿಯಾಗಿ ಬಾಯಿ ಇರುವ ಜಾಗದಲ್ಲಿ, ಯಾವಾಗಲೂ ಒಂದು ಕೆಂಪು ಕಲೆ. ಎಲೆಅಡಿಕೆ ಬಿಡುವವರಲ್ಲ, ಆಶಾ ಕಾರ್ಯಕರ್ತೆಯ ಹೆದರಿಕೆಗೆ ಮಾಸ್ಕ್ ತೆಗೆಯುವವರೂ ಅಲ್ಲ. ಒಳಗೇ ಜಗಿದು, ಒಳಗಿನಿಂದಲೇ ಮಾತಾಡುತ್ತಿದ್ದರು. ಯಾರ ಮುಖವೂ ಕಾಣದ ಆ ದಿನಗಳಲ್ಲಿ ಅವರನ್ನು ಮಾತ್ರ ನಾನು ದೂರದಿಂದ, ಆ ಕಲೆ ನೋಡಿಯೇ ಗುರುತಿಸುತ್ತಿದ್ದೆ.

ಸ್ವಂತ ಅತ್ತೆಯೇನಲ್ಲ. ಮೂಡಿಗೆರೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಕೆಲಸದವರ ಮನೆಗಳ ಎರಡು ಸಾಲು, ಅಂದರೆ ಎರಡು ಲೈನ್. ನಾನು ಮತ್ತು ಅವ್ವ ಕೆಳಗಿನ ಲೈನಿನವರು, ಅವರು ಮೇಲಿನ ಲೈನಿನವರು. ಅವ್ವ ಮತ್ತು ಅತ್ತೆ ಹರೆಯದಿಂದ ಒಟ್ಟಿಗೇ ಕಾಫಿ ಹಣ್ಣು ಕುಯ್ದವರು, ಮಧ್ಯಾಹ್ನ ಒಂದೇ ಮರದಡಿ ಬುತ್ತಿ ಬಿಚ್ಚಿದವರು. ಜಗಳವನ್ನೂ ಚೆನ್ನಾಗಿಯೇ ಆಡುತ್ತಿದ್ದರು.

ಲೈನಿನಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಎಸ್ಟೇಟಿನ ಮೇಲ್ತುದಿಯ ಬಂಡೆ ಹತ್ತಿದರೆ ಸಿಗುತ್ತದೆ. ಅತ್ತೆಯ ಮಗಳು ಹಾಸನದಲ್ಲಿ ಬಟ್ಟೆ ಅಂಗಡಿಯಲ್ಲಿದ್ದಳು. ಲಾಕ್‌ಡೌನಿನಲ್ಲಿ ಅಂಗಡಿ ಮುಚ್ಚಿ, ಅವಳು ಅಲ್ಲೇ ಬಾಡಿಗೆ ಕೋಣೆಯಲ್ಲಿ ಸಿಕ್ಕಿಬಿದ್ದಳು. ದಿನಾ ಬೆಳಿಗ್ಗೆ ಅತ್ತೆ ಬಂಡೆ ಹತ್ತಿ ಮಗಳಿಗೆ ಫೋನ್ ಮಾಡುವುದು, ಅವಳು ಪೇಪರ್ ಓದಿ ಹೇಳುವುದು, ಇವರು ಇಳಿದು ಬಂದು ಎರಡೂ ಲೈನಿಗೆ ಬಿತ್ತರಿಸುವುದು. ಇದು ಅಭ್ಯಾಸವಾಗಿಹೋಯಿತು.

ಎರಡನೆಯ ಅಲೆಯಲ್ಲಿ ಅವ್ವನಿಗೆ ಕೊರೋನಾ ಬಂತು. ಆಂಬುಲೆನ್ಸ್ ಚಿಕ್ಕಮಗಳೂರಿಗೆ ಕರೆದುಕೊಂಡು ಹೋಯಿತು. ನನ್ನನ್ನು ಹತ್ತಲು ಬಿಡಲಿಲ್ಲ. ಪಂಚಾಯ್ತಿಯವರು ನಮ್ಮ ಲೈನಿನ ಎರಡೂ ತುದಿಗೆ ಬಿದಿರು ಗಳ ಅಡ್ಡ ಕಟ್ಟಿ ಸೀಲ್‌ಡೌನ್ ಬೋರ್ಡು ನೇತುಹಾಕಿದರು. ಬಂಡೆ ಗಳದ ಆಚೆಗಿತ್ತು. ಹಾಗಾಗಿ ಆಶಾ ಕಾರ್ಯಕರ್ತೆಯ ಮೂಲಕ ಆಸ್ಪತ್ರೆಗೆ ಅತ್ತೆಯ ನಂಬರನ್ನೇ ಕೊಟ್ಟೆ. ಒಂದು ಕೋಣೆ, ಒಂದು ಒಲೆ, ಅವ್ವನ ಖಾಲಿ ಚಾಪೆ, ಅಂಗಳ, ಗಳ. ಅಷ್ಟರಲ್ಲೇ ಸುತ್ತಿ ಸುತ್ತಿ ನನಗೆ ಹುಚ್ಚು ಹಿಡಿಯುವುದೊಂದು ಬಾಕಿ.

ಅತ್ತೆ ಬಂದು ಗಳದ ಆಚೆ ನಿಲ್ಲುತ್ತಿದ್ದರು. ಅವರ ಸುದ್ದಿಗೊಂದು ಕ್ರಮ ಇತ್ತು. ಮೊದಲು ಸರ್ಕಾರ, ಆಮೇಲೆ ಕಾಫಿ ರೇಟು, ಆಮೇಲೆ ಆಟ-ನಾಟಕ, ಕಟ್ಟಕಡೆಗೆ ನಮ್ಮ ವಿಷಯ.

"ಮಂತ್ರಿ ಒಬ್ರಿಗೆ ಪಾಸಿಟಿವ್ ಅಂತೆ ಮಾರಾಯ್ತಿ. ಆಸ್ಪತ್ರೆಯಿಂದ್ಲೇ ಫೋಟೋ ಬಿಟ್ಟಿದಾರಂತೆ, ನಗ್ತಾ ಇದಾರಂತೆ. ಲಸಿಕೆಗೆ ಮುಹೂರ್ತ ಇಟ್ಟಾಯ್ತಂತೆ, ಲಸಿಕೆ ಮಾತ್ರ ಬಂದಿಲ್ವಂತೆ. ಯಕ್ಷಗಾನದ ಮೇಳದೋರು ಗೆಜ್ಜೆ ಬಿಚ್ಚಿಟ್ಟು ಮನೆಗೆ ಹೋದ್ರಂತೆ. ಭೀಮನ ವೇಷದವ್ನು ತರಕಾರಿ ಮಾರ್ತಾ ಇದಾನಂತೆ ನೋಡು!"

ನನಗೋ ಮೂಗಿನ ತುದಿಯಲ್ಲೇ ಕೋಪ. "ಭೀಮ ಹಾಳಾಗಿ ಹೋಗ್ಲಿ ಅತ್ತೆ! ಅವ್ವ ಹೇಗಿದಾಳೆ ಅಂತ ಮೊದ್ಲು ಹೇಳಿ!"

"ಬರ್ತೀನಿ, ಕ್ರಮದಲ್ಲಿ ಬರ್ತೀನಿ. ಸುಮ್ನಿರು ಕೂಸೇ. ನಿನ್ನೆಗಿಂತ ವಾಸಿಯಂತೆ. ಗಂಜಿ ಕುಡಿದ್ಲಂತೆ."

ಅಷ್ಟು ಕೇಳಿದ ಮೇಲೆಯೇ ನನಗೆ ಒಲೆ ಹಚ್ಚಲು ಕೈ ಬರುತ್ತಿದ್ದುದು.

ನಮ್ಮ ಕಡೆ ಎದುರಾದವರೆಲ್ಲ "ಊಟ ಆಯ್ತಾ" ಎನ್ನುತ್ತಾರೆ, ಉತ್ತರಕ್ಕೆ ಯಾರೂ ನಿಲ್ಲುವುದಿಲ್ಲ. ಅತ್ತೆ ಆ ಮಾತನ್ನು ಸುಮ್ಮನೆ ಕೇಳಿದ್ದೇ ಇಲ್ಲ. ಸಾವಿನ ಸುದ್ದಿ ಕಿವಿಗೆ ಬಿದ್ದರೆ ಹೆಣ ಎತ್ತುವ ತನಕ ಹತ್ತಿರದವರು ಬಾಯಿಗೆ ಏನೂ ಹಾಕುವ ಹಾಗಿಲ್ಲ. ಅದಕ್ಕೇ ಮನೆಯವರ ಊಟವಾಯಿತೇ ಎಂದು ನೋಡಿಕೊಂಡೇ ಸುದ್ದಿ ಮುಟ್ಟಿಸಬೇಕು ಎಂಬುದು ಅವರ ಕಟ್ಟುನಿಟ್ಟು. ಲೈನಿನಲ್ಲಿ ಎಷ್ಟೋ ಸಾವುಗಳನ್ನು ಅವರೇ ಹೇಳಿದ್ದರು. ಆದ್ದರಿಂದ ಅವರು "ಊಟ ಆಯ್ತಾ" ಎಂದರೆ ದೊಡ್ಡವರ ಎದೆಯೂ ಧಸಕ್ಕೆನ್ನುತ್ತಿತ್ತು.

ಆ ದಿನ ಅತ್ತೆ ತಡವಾಗಿ ಬಂದರು. ಕೈಯಲ್ಲಿ ಬಾಳೆಲೆಯ ಪೊಟ್ಟಣ. ಸರ್ಕಾರದ ಸುದ್ದಿ ಮುಗಿಯಲೇ ಇಲ್ಲ. ಲಾಕ್‌ಡೌನ್ ಮುಂದಕ್ಕೆ ಹಾಕಿದ್ದು, ಆಕ್ಸಿಜನ್ನಿಗಾಗಿ ಒಬ್ಬರನ್ನೊಬ್ಬರು ಬೈದಾಡಿಕೊಂಡಿದ್ದು, ಕಾಫಿ ರೇಟು ಚೂರು ಏರಿದ್ದು. "ಹೊರನಾಡಲ್ಲೂ ಬಾಗ್ಲು ಹಾಕಿದಾರಂತೆ. ಅನ್ನಪೂರ್ಣೆ ಗುಡೀಲೇ ಊಟ ಇಲ್ಲ ಅಂದ್ರೆ ಏನು ಕಾಲ ಬಂತು" ಎಂದರು. ಪೊಟ್ಟಣವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು.

"ಊಟ ಆಯ್ತಾ ಕೂಸೇ?"

"ಇಲ್ಲ" ಎಂದೆ. "ಇವತ್ತು ಉಣ್ಣಲ್ಲ. ನಾಳೆನೂ ಉಣ್ಣಲ್ಲ. ನಾನು ಉಣ್ಣದಿದ್ರೆ ನೀವು ಹೇಳೋ ಹಾಗಿಲ್ವಲ್ಲ!"

"ಹೇಳೋ ಹಾಗಿಲ್ಲ" ಎಂದರು ಅತ್ತೆ. ಗಳದ ಆಚೆಯ ಕಲ್ಲಿನ ಮೇಲೆ ಕೂತುಬಿಟ್ಟರು.

ನಾನು ಹೊಸ್ತಿಲ ಮೇಲೆ ಕೂತೆ. ಎಷ್ಟು ಹೊತ್ತೋ. ಬಿಸಿಲು ಅಂಗಳ ದಾಟಿ ಗೋಡೆ ಹತ್ತಿತು. ನಾನು ಉಣ್ಣದಿರುವಷ್ಟು ಹೊತ್ತು ಅವ್ವ ಬದುಕಿರುತ್ತಾಳೆ ಎಂದು ನನ್ನ ತಲೆ ಗಟ್ಟಿಯಾಗಿ ಹಿಡಿದುಕೊಂಡಿತ್ತು. ಓಡಿಹೋಗೋಣವೆಂದರೆ ಗಳ, ಗಳ ದಾಟಿದರೆ ಪೊಲೀಸು, ಬಸ್ಸಿಲ್ಲ, ಜೀಪಿಲ್ಲ. ಅತ್ತೆಯನ್ನು ಬಾಯಿಗೆ ಬಂದಂತೆ ಬೈದೆ. "ಶನಿ ಹಾಗೆ ಬಂದು ಕೂತಿದೀರಲ್ಲ, ಎದ್ದು ಹೋಗಿ!" ಎಂದೆ. ಅವರು ಏಳಲಿಲ್ಲ. ಎಲೆಅಡಿಕೆಯನ್ನೂ ಹಾಕಿಕೊಳ್ಳಲಿಲ್ಲ.

ಆಗ ನನಗೊಂದು ಉಪಾಯ ಹೊಳೆಯಿತು. ಸತ್ತದ್ದು ಅವ್ವನೇ ಆದರೆ ಅತ್ತೆ ಪ್ರಾಣ ಹೋದರೂ ಉಣ್ಣುವವರಲ್ಲ.

"ನೀವು ಉಂಡ್ರಾ ಅತ್ತೆ?"

"ನಂದಿರ್ಲಿ."

"ನೀವು ಉಂಡ್ರೆ ನಾನೂ ಉಣ್ತೀನಿ."

ಅತ್ತೆ ನನ್ನನ್ನೇ ನೋಡಿದರು. ಪೊಟ್ಟಣ ಬಿಚ್ಚಿದರು. ನಾಲ್ಕು ಕಡುಬು, ಹಲಸಿನಕಾಯಿ ಪಲ್ಯ. ಎರಡು ಕಡುಬು ಎತ್ತಿಟ್ಟುಕೊಂಡು ಉಳಿದದ್ದನ್ನು ಎಲೆ ಸಮೇತ ಗಳದಡಿ ನನ್ನತ್ತ ತಳ್ಳಿ ದೂರ ಸರಿದರು. ಮಾಸ್ಕನ್ನು ಗದ್ದಕ್ಕೆ ಇಳಿಸಿ, ಕಡುಬು ಮುರಿದು ಬಾಯಿಗಿಟ್ಟರು. ಜಗಿದರು. ನುಂಗಿದರು.

ನನಗೆ ಹೋದ ಜೀವ ಬಂದಂತಾಯಿತು. ಅವ್ವನಲ್ಲ! ಬೇರೆ ಯಾರೋ, ಪಾಪ, ಯಾರೋ! ಎರಡೂ ಕಡುಬನ್ನು ಗಬಗಬ ತಿಂದೆ. ಪಲ್ಯ ಬಹಳ ಚೆನ್ನಾಗಿದೆ ಎಂದೂ ಹೇಳಿದೆ. ಅತ್ತೆ ನೀರು ಕುಡಿ ಎಂದರು. ಕುಡಿದೆ.

"ಬೆಳಿಗ್ಗೆ ಹೋದ್ಲಂತೆ ಕೂಸೇ" ಎಂದರು. "ಅಲ್ಲೇ ಮಣ್ಣು ಮಾಡ್ತಾರಂತೆ. ಯಾರನ್ನೂ ಬಿಡಲ್ವಂತೆ."

ನಾನು ಎಷ್ಟು ಕೂಗಿದೆನೋ ನೆನಪಿಲ್ಲ. ಅತ್ತೆ ಗಳವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಆಚೆಯೇ ನಿಂತಿದ್ದರು. ಮುಟ್ಟುವ ಹಾಗಿರಲಿಲ್ಲ. ಅಳು ಸ್ವಲ್ಪ ತಗ್ಗಿದ ಮೇಲೆ, "ನೀವು ಯಾಕೆ ಉಂಡ್ರಿ ಅತ್ತೆ?" ಎಂದು ಕೇಳಿದೆ.

"ನೀನು ಉಣ್ಬೇಕಿತ್ತಲ್ಲ" ಎಂದರು. "ನಿನ್ನವ್ವ ನಂಗೆ ಬೈಯಲ್ಲ ಬಿಡು. ಅವಳೊಟ್ಟಿಗೆ ಎಷ್ಟು ಬುತ್ತಿ ಹಂಚ್ಕೊಂಡಿದೀನಿ." ಅಷ್ಟು ಹೊತ್ತು ಕಲ್ಲಿನ ಹಾಗಿದ್ದವರು ಆಗ ಅತ್ತರು. ಕೆಂಪು ಕಲೆಯ ಮಾಸ್ಕ್ ಪೂರ್ತಿ ಒದ್ದೆಯಾಯಿತು.

ಸೀಲ್‌ಡೌನ್ ತೆಗೆದ ದಿನ ನನ್ನ ಕೈಹಿಡಿದು ಬಂಡೆ ಹತ್ತಿಸಿದವರೂ ಅವರೇ. ಆಮೇಲಿನ ವರ್ಷಗಳಲ್ಲಿ ಪೇಪರ್ ಓದುವ ಕೆಲಸ ನನ್ನ ಪಾಲಿಗೆ ಬಂತು. ಓದಿ ಮುಗಿಸಿದರೆ, "ಇನ್ನೂ ಸ್ವಲ್ಪ ರಾಜಕೀಯ ಇದ್ರೆ ಹಾಕು" ಎನ್ನುತ್ತಿದ್ದರು.

ಹೋದ ವರ್ಷ, ಮರಗಸಿಯವರು ನೆರಳಿನ ಮರ ಹತ್ತಿ ಕೊಂಬೆ ಕಡಿಯುತ್ತಿದ್ದ ದಿನಗಳಲ್ಲಿ, ಅತ್ತೆ ನಿದ್ದೆಯಲ್ಲೇ ಹೋದರು. ಬೆಳಿಗ್ಗೆ ನೋಡಿದವಳು ನಾನು. ಹಾಸನದಲ್ಲಿದ್ದ ಮಗಳಿಗೆ ನಾನೇ ಹೇಳಬೇಕಿತ್ತು. ಡಬ್ಬಿಯಲ್ಲಿದ್ದ ರೊಟ್ಟಿಯನ್ನು ಸುಮ್ಮನೆ ಸೆರಗಿಗೆ ಕಟ್ಟಿಕೊಂಡು ಬಂಡೆ ಹತ್ತಿ ಅವಳಿಗೆ ಫೋನ್ ಮಾಡಿದೆ. ಮೊದಲು ಸರ್ಕಾರ ಎಂದೆ. ಆಮೇಲೆ ಕಾಫಿ ರೇಟು ಎಂದೆ. ಆಟದ ಸುದ್ದಿ ಯಾವುದೂ ನೆನಪಿಗೆ ಬರಲಿಲ್ಲ.

"ತಿಂಡಿ ಆಯ್ತಾ?" ಎಂದು ಕೇಳಿದೆ.

ಅವಳು ಅತ್ತೆಯ ಮಗಳು, ಆ ಪ್ರಶ್ನೆ ಅವಳಿಗೆ ಹೊಸದಲ್ಲ.

"ಇಲ್ಲಕ್ಕ" ಎಂದಳು. "ನಿಮ್ದಾಯ್ತಾ?"

ಸೆರಗು ಬಿಚ್ಚಿದೆ. ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡೆ. ಫೋನನ್ನು ಬಾಯಿಯ ಹತ್ತಿರ ಹಿಡಿದು, ಅವಳಿಗೆ ಕೇಳುವ ಹಾಗೆ ಜಗಿದೆ.