ಮೊಳೆ ಹೊಡೆದ ಕಿಟಕಿಗಳು

ನೂಲಿನ ಗಿರಣಿಯ ಡಾಕ್ಟರು ಕೆಮ್ಮಿಗೆ ಔಷಧಿ ಕೊಡುವುದರಲ್ಲೇ ಅರ್ಧ ಆಯಸ್ಸು ಕಳೆದಿದ್ದರು. ಗಾಳಿಯಾಡಿದರೆ ನೂಲು ಕಡಿಯುತ್ತದೆಂದು ಮಾಲೀಕರು ಕಿಟಕಿಗಳಿಗೆಲ್ಲ ಮೊಳೆ ಹೊಡೆಸಿದ್ದರು. ಹತ್ತಿಯ ಧೂಳು ಕೆಲಸಗಾರರ ಎದೆಗಿಳಿಯುತ್ತಿತ್ತು. ಒಂದು ಬೆಳಿಗ್ಗೆ, ಡಾಕ್ಟರು ಮದ್ದು ಕುಡಿಸಿ ಕೆಲಸಕ್ಕೆ ಕಳಿಸಿದ್ದ ಹೆಂಗಸು ಯಂತ್ರದ ಪಕ್ಕದಲ್ಲೇ ಉಸಿರುಗಟ್ಟಿ ಸತ್ತಳು. ಅವರು ನೇರ ಮಾಲೀಕರ ಕೋಣೆಗೆ ನುಗ್ಗಿದರು.

“ಕಿಟಕಿ ತೆಗೆಸಿ ಸ್ವಾಮಿ.”

“ನೂಲು ಕಡಿಯುತ್ತಲ್ಲ ಡಾಕ್ಟ್ರೇ!”

“ನೂಲಿಗಾದ್ರೆ ಗಂಟು ಹಾಕ್ಬಹುದು. ಸತ್ತೋಳ ಉಸಿರಿಗೆ ಎಲ್ಲಿ ಹಾಕ್ತೀರಿ?”

“ನಾಡಿ ಹಿಡಿಯೋರಿಗೆ ಗೋಡೆ ತಂಟೆ ಯಾಕ್ರೀ?”

ಡಾಕ್ಟರು ಅಂದೇ ಕೆಲಸ ಬಿಟ್ಟು ಗಿರಣಿಯ ಬಾಗಿಲಲ್ಲಿ ಕೂತರು. ಕೆಲಸಗಾರರೂ ಒಳಗೆ ಹೋಗದೆ ಜೊತೆಗೆ ಕೂತರು. ಯಂತ್ರಗಳೆಲ್ಲ ನಿಂತಮೇಲೆ ಮಾಲೀಕರು ಮೊಳೆ ಕೀಳಿಸಿದರು. ‘ಕಾರ್ಮಿಕರಿಗೆ ಗಾಳಿ ದಾನ ಮಾಡಿದ ಮಹನೀಯರು’ ಎಂದು ತಮ್ಮ ಹೆಸರಿನ ಕಲ್ಲನ್ನೂ ನೆಡಿಸಿಕೊಂಡರು. ಗಾಳಿಯೇನು ಇವರಪ್ಪನ ಮನೆಯದೇ?