ತಾಮ್ರದ ಚೊಂಬಿನ ಕೆರೆನೀರು

ಅರವತ್ತರ ದಶಕದ ಮೊದಲ ವರ್ಷಗಳು. ಸಂಸ್ಕೃತ ಪಾಠಶಾಲೆಯನ್ನು ಬಿಟ್ಟು ಕಾಲೇಜಿನ ಜೀವಶಾಸ್ತ್ರಕ್ಕೆ ಸೇರಲು ತಂದೆಯವರು ನನಗೆ ಒಂದೇ ಷರತ್ತಿನ ಮೇಲೆ ಅನುಮತಿ ಕೊಟ್ಟಿದ್ದರು: ಒಂದು ಪರೀಕ್ಷೆಯಲ್ಲಿ ತಪ್ಪಿದರೂ ಮರಳಿ ಪಾಠಶಾಲೆ.

ಪ್ರಾಯೋಗಿಕ ಪರೀಕ್ಷೆಗೆ ಕೆರೆನೀರನ್ನು ನಾವೇ ತರಬೇಕಿತ್ತು. ಅದರಲ್ಲಿರುವ ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಯ ಮೈಯೊಳಕ್ಕೆ ಹೊರಗಿನ ನೀರು ಸದಾ ನುಗ್ಗುತ್ತಿರುತ್ತದೆ. ಒಳಗಿನ ಪುಟ್ಟ ಗುಳ್ಳೆಯೊಂದು ಅದನ್ನು ತುಂಬಿಕೊಂಡು, ಕುಗ್ಗಿ, ಆಚೆ ಚೆಲ್ಲುತ್ತದೆ. ಆ ಗುಳ್ಳೆಯ ಮಿಡಿತವನ್ನೇ ಪರೀಕ್ಷಕರಿಗೆ ತೋರಿಸಬೇಕು. ಹೃದಯವಿಲ್ಲದ ಜೀವಿಗೂ ಭಗವಂತನು ಮಿಡಿತವನ್ನು ಕರುಣಿಸಿದ್ದಾನಲ್ಲ ಎಂದು, ಮೊದಲ ಸಲ ಕಂಡಾಗ ನಾನು ಕೈಮುಗಿದಿದ್ದೆ.

ಹಿಂದಿನ ಸಂಜೆ ಅಲ್ಲಾಳಸಂದ್ರದ ಕೆರೆಗೆ ಹೊರಟಾಗ ಗಾಜಿನ ಸೀಸೆ ತೆಗೆದುಕೊಂಡೆ.

"ಅದ್ರಲ್ಲಿ ಉಪ್ಪಿನಕಾಯಿ ಇತ್ತು ಕಣೋ, ಚೊಂಬು ತಗೊಂಡ್ಹೋಗು," ಎಂದರು ತಾಯಿ.

ನನಗೂ ಅದೇ ಸರಿಯೆನಿಸಿತು. ತಾಮ್ರದ ಚೊಂಬಿನಲ್ಲಿ ನೀರು ತಂದು, ಬೆಳಗಿನವರೆಗೆ ದೇವರ ಮುಂದೆ ಇಟ್ಟೆ.

ಮರುದಿನ ಪರೀಕ್ಷೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಏನೂ ಚಲಿಸುತ್ತಿರಲಿಲ್ಲ. ಎರಡನೆಯ ಹನಿ, ಮೂರನೆಯ ಹನಿ. ಎಲ್ಲೆಡೆ ಒಡೆದ ಚೂರುಗಳು. ನಾಲ್ಕನೆಯದರಲ್ಲಿ ಒಂದೇ ಒಂದು ಜೀವಿ, ಊದಿಕೊಂಡು ನಿಧಾನವಾಗಿ ತಿರುಗುತ್ತಿತ್ತು. ಅದರ ಗುಳ್ಳೆ ತುಂಬಿತ್ತು, ಕುಗ್ಗುತ್ತಿರಲಿಲ್ಲ. ಪರೀಕ್ಷಕರು ಪಕ್ಕದ ಮೇಜಿಗೆ ಬಂದಿದ್ದರು. ನಾನು ಸೂಕ್ಷ್ಮದರ್ಶಕದ ತಿರುಪನ್ನು ತಿರುಗಿಸಿ ಮತ್ತೆ ಮತ್ತೆ ನೋಡಿದೆ.

ಅವರು ನನ್ನ ಮೇಜಿಗೆ ಬಂದು ಬಗ್ಗಿ ನೋಡಿದರು. "ಏನ್ರೀ, ಇದು ಮಿಡೀತಾನೇ ಇಲ್ವಲ್ಲ?"

"ನಿಂತಿದೆ, ಸಾರ್."

"ನಿಂತ್ರೆ ಏನಾಗುತ್ತೆ?"

"ನೀರು ಒಳಗೆ ಬರ್ತಾನೇ ಇರುತ್ತೆ, ಸಾರ್. ಕೊನೆಗೆ ಮೈ ಒಡೆಯುತ್ತೆ."

ಅವರು ಕಣ್ಣು ತೆಗೆಯಲಿಲ್ಲ. "ಹ್ಞೂಂ. ಒಡೀತು. ನೀರು ಯಾತರಲ್ಲಿ ತಂದ್ರಿ?"

"ತಾಮ್ರದ ಚೊಂಬಲ್ಲಿ."

"ಅಭಿಷೇಕಕ್ಕೆ ತಂದಿರೇನ್ರೀ! ತಾಮ್ರ ಇವಕ್ಕೆ ವಿಷ ಕಣ್ರೀ. ಕಾರಣ ಸರಿಯಾಗಿ ಹೇಳಿದ್ರಿ, ಪಾಸು. ಹೋಗಿ."

ಭಯ ಅಲ್ಲಿಗೆ ಕಳೆಯಬೇಕಿತ್ತು. ಸಂಜೆ ಯಲಹಂಕದ ಮನೆಯಲ್ಲಿ ತಂದೆಯವರು ವಿಷಯ ಕೇಳಿ, "ಅವನ ದಯೆ," ಎಂದು, ತೊಳೆದಿಟ್ಟಿದ್ದ ಅದೇ ಚೊಂಬಿನಿಂದ ತೀರ್ಥ ಕೊಡಲು ಬಂದರು. ಅಂಗೈ ಒಡ್ಡಿದೆ. ಬೀಳಲಿದ್ದ ಹನಿಯನ್ನು ನೋಡುತ್ತಿದ್ದಂತೆ ಕೈ ತಾನಾಗಿಯೇ ಹಿಂದಕ್ಕೆ ಸರಿಯಿತು. ಅರ್ಧ ತೀರ್ಥ ನೆಲಕ್ಕೆ ಚೆಲ್ಲಿತು.