ಕೂದಲು ಬಂದಿತೆಂದು ನಿಲ್ಲಿಸಿದ ಮಾತ್ರೆ

ಆ ದಿನ ನನ್ನ ತಂಗಿ ಓಬಕ್ಕ ಬಾಣಂತನದ ಕೋಣೆಯಿಂದ ಹೊರಗೆ ಬಂದು ಪಡಸಾಲೆಯಲ್ಲಿ ಕೂತಿದ್ದಳು. ನಾನು ಶೇಂಗಾ ಗಿಡಗಳಿಂದ ಕಾಯಿ ಬಿಡಿಸುತ್ತಿದ್ದೆ. ಅವಳ ಮಗಳಿಗೆ ಮೂರು ತಿಂಗಳು ತುಂಬಲು ಎರಡು ದಿನ ಬಾಕಿ ಇತ್ತು. ಓಬಕ್ಕ ಒಂದು ಹಸಿ ಕಾಯಿ ಸುಲಿದು ಬಾಯಿಗೆ ಹಾಕಿಕೊಳ್ಳಲು ಹೋದಳು. ನಾನು ಕೈ ಹಿಡಿದೆ.

"ಪಿತ್ತ ಆಯ್ತದೆ, ಮಡಗು."

"ಒಂದು ಕಾಯಿಗೆ ಪಿತ್ತವಾ? ಅವ್ವ ಇದ್ದಿದ್ರೂ ಇಷ್ಟು ಜೋರು ಮಾಡ್ತಿರ್ಲಿಲ್ಲ ಕಣಕ್ಕ," ಎಂದು ನಕ್ಕು ಕಾಯನ್ನು ರಾಶಿಗೆ ಎಸೆದಳು.

ಅದೇ ಕೊನೆಯ ಸಾಧಾರಣ ದಿನ.

ಮರುದಿನ ಅವಳ ತಲೆಗೆ ನೀರು ಹಾಕಿದೆ. ಸೀಗೆಪುಡಿ ತಿಕ್ಕುತ್ತಿದ್ದ ನನ್ನ ಬೆರಳುಗಳ ನಡುವೆ ಕೂದಲು ಹಿಡಿಹಿಡಿಯಾಗಿ ಬಂತು. ಬಚ್ಚಲಿನ ನೀರು ಹರಿಯದೆ ನಿಂತಿತು. ಅವಳು ಸೀಗೆ ಉರಿಗೆ ಕಣ್ಣು ಮುಚ್ಚಿದ್ದಳು. "ಯಾಕಕ್ಕ, ಕೈ ನಿಲ್ಲಿಸ್ದೆ?" ಎಂದಳು.

ನಾನು ಉದುರಿದ ಕೂದಲನ್ನು ಮುದ್ದೆ ಮಾಡಿ ಅವಳಿಗೆ ಕಾಣದಂತೆ ಪಕ್ಕಕ್ಕೆ ಸರಿಸಿದೆ.

ಬಾಣಂತಿಯ ಕೂದಲು ಉದುರುವುದು ಯಾರಿಗೂ ಹೊಸದಲ್ಲ. ಇದು ಹಾಗಿರಲಿಲ್ಲ. ಹದಿನೈದು ದಿನಕ್ಕೆ ನೆತ್ತಿಯ ಚರ್ಮ ಕಾಣಿಸಿತು. ಉಗುರುಗಳು ಚಮಚದಂತೆ ನಡುವೆ ಹಳ್ಳ ಬಿದ್ದವು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಇನ್ನೊಂದು ಸಂಗತಿಯನ್ನು ನಾನು ಯಾರಿಗೂ ಹೇಳಿರಲಿಲ್ಲ. ಅವಳು ಗೋಡೆಗೆ ನೀರು ಚಿಮುಕಿಸಿ, ಮಣ್ಣಿನ ವಾಸನೆ ಏಳುವ ತನಕ ಕಾದು, ಕೆರೆದು ತಿನ್ನುತ್ತಿದ್ದಳು. ಕಂಡೂ ಕಾಣದವಳಂತೆ ಇದ್ದೆ.

ಸುದ್ದಿ ಕೇಳಿ ವೈ.ಎನ್.ಹೊಸಕೋಟೆಯಿಂದ ನಮ್ಮ ಸೋದರತ್ತೆ ಈರಕ್ಕ ಬಂದಳು. ಅವಳಿಗೆ ಕಾರಣ ಮೊದಲೇ ಗೊತ್ತಿತ್ತು.

"ನಿಮ್ಮವ್ವ ಇವಳ ಮುಡಿ ಕೊಡ್ತೀನಿ ಅಂತ ಹರಕೆ ಹೊತ್ತಿದ್ಲು. ಕೊಡ್ದೆ ಸತ್ಲು. ದೇವುಡು ಸುಮ್ಕೆ ಬಿಡ್ತಾನಾ? ತಾನೇ ಕಿತ್ಕೊತಾವ್ನೆ. ಬೋಳಿಸ್ಬುಡ್ರಿ, ಎಲ್ಲಾ ಸರಿಹೋಯ್ತದೆ."

ಓಬಕ್ಕ ತನ್ನ ಕೈ ಮುಂದೆ ಚಾಚಿದಳು. "ಹರಕೆ ಕೂದ್ಲಿಗೆ ತಾನೇ ಅತ್ತೆ? ಉಗುರು ಯಾಕೆ ತಗೊಂಡ?"

"ಬಾಯಿ ಒಂದು ಉದುರಿಲ್ಲ ನೋಡು ಇವಳ್ದು," ಎಂದಳು ಅತ್ತೆ.

ಓಬಕ್ಕನ ಗಂಡ ಹನುಮಂತ ಕುರಿ ಹೊಡೆದುಕೊಂಡು ಆಂಧ್ರದ ಗಡಿ ದಾಟಿದ್ದ. ಅವನು ಬರುವ ತನಕ ಕಾಯುವುದು ಬೇಡವೆಂದು ಮರುದಿನ ಬೆಳಿಗ್ಗೆ ತಂಗಿಯನ್ನೂ ಮಗುವನ್ನೂ ಕರೆದುಕೊಂಡು ಮಧುಗಿರಿಯ ಬಸ್ಸು ಹತ್ತಿದೆ.

ಲೇಡಿ ಡಾಕ್ಟರು ತಲೆ ನೋಡಲಿಲ್ಲ. ಕೆಳಗಿನ ರೆಪ್ಪೆ ಎಳೆದು ನೋಡಿದರು. ಉಗುರು ಒತ್ತಿ ನೋಡಿದರು. ಬ್ಲಡ್ ಟೆಸ್ಟ್ ಬರೆದು, "ಏನು ತಿಂತಾಳೆ?" ಎಂದರು.

ನಾನು ಹೆಮ್ಮೆಯಿಂದಲೇ ಹೇಳಿದೆ. "ಪಥ್ಯ ಒಂದಿನಾನೂ ತಪ್ಪಿಸಿಲ್ಲ ಮೇಡಂ. ಅನ್ನ, ಮೆಣಸು ಬೆಳ್ಳುಳ್ಳಿ ಸಾರು, ಅಷ್ಟೇಯ. ರಾಗಿ ಶೀತ, ಹುರುಳಿ ಉಷ್ಣ. ಮಾಂಸ ನಂಜು. ಸೊಪ್ಪು ತಿಂದ್ರೆ ಮಗೀಗೆ ಹಸುರು ಭೇದಿ ಆಯ್ತದೆ, ಮುಟ್ಟಿಸಿಲ್ಲ."

"ಮೂರು ತಿಂಗಳಿಂದ?"

"ಮೂರು ತಿಂಗಳಿಂದ."

ಅವರು ಪೆನ್ನು ಕೆಳಗಿಟ್ಟರು.

ಹಿಮೋಗ್ಲೋಬಿನ್ ಇರಬೇಕಾದ್ದರ ಅರ್ಧವೂ ಇರಲಿಲ್ಲ. "ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆಯಾದ್ರೆ, ಇರೋ ಅಷ್ಟನ್ನ ದೇಹ ಜೀವ ಉಳಿಸೋಕೆ ಇಟ್ಕೊಳ್ಳುತ್ತೆ. ಕೂದಲಿಗೆ, ಉಗುರಿಗೆ ಸಿಗೋದಿಲ್ಲ. ಎಷ್ಟು ಎಣ್ಣೆ ಹಚ್ಚಿದ್ರೂ ಅಷ್ಟೇ," ಎಂದರು ಡಾಕ್ಟರು. ಆಗ ನಾನು ಮಣ್ಣು ತಿನ್ನುವುದನ್ನೂ ಬಾಯಿಬಿಟ್ಟೆ; ಅದೂ ಅದೇ ಕಾಯಿಲೆಯ ಗುರುತಂತೆ. ಐರನ್ ಮಾತ್ರೆ ಬರೆದರು. ಮಾತ್ರೆಯ ಜೊತೆ ಟೀ ಬೇಡ, ನಿಂಬೆಹಣ್ಣು ಹಿಂಡಿ ಕೊಡಿ ಎಂದರು. ರಾಗಿ, ಕಾಳು, ಸೊಪ್ಪು, ಸಿಕ್ಕರೆ ಕುರಿಯ ಲಿವರ್. ಕೂದಲು ಬಂದ ಮೇಲೂ ಮಾತ್ರೆ ನಿಲ್ಲಿಸಬಾರದು, ಮತ್ತೆ ಬಂದು ರಕ್ತ ತೋರಿಸಬೇಕು ಎಂದೂ ಹೇಳಿದರು. ನಾನು ತಲೆಯಾಡಿಸಿದೆ.

ಪಥ್ಯ ಇಟ್ಟವಳು ನಾನೇ.

ಅವ್ವ ಸತ್ತಾಗ ಓಬಕ್ಕ ಐದು ವರ್ಷದವಳು. ಅಂದಿನಿಂದ ಅವಳಿಗೆ ಉಣ್ಣಿಸಿದ ಕೈ ನನ್ನದು. ಅದೇ ಕೈ ಅವಳ ಬಾಯಿಂದ ಒಂದು ಶೇಂಗಾ ಕಾಯನ್ನೂ ಕಿತ್ತುಕೊಂಡಿತ್ತು. ಅಳುತ್ತಾ ಕೂರಲು ನನಗೆ ಹಕ್ಕಿರಲಿಲ್ಲ. ಅಂದು ಸಂಜೆಯೇ ಮುದ್ದೆ ಕಟ್ಟಿದೆ, ಹುರುಳಿ ಸಾರು ಮಾಡಿದೆ, ಹಿತ್ತಲ ನುಗ್ಗೆಯ ಸೊಪ್ಪು ಹುರಿದೆ. ಎಲ್ಲರೂ ನೋಡಲೆಂದು ಅವಳನ್ನು ಜಗಲಿಯ ಮೇಲೆಯೇ ಕೂರಿಸಿ ಬಡಿಸಿದೆ. ಬೀದಿಯ ಹೆಂಗಸರು ಬಂದು ಬಯ್ದರು. ಒಂದು ದಿನ ಮಗುವಿಗೆ ಭೇದಿಯಾಯಿತು. ಎರಡು ದಿನಕ್ಕೆ ನಿಂತಿತು. ನಾನು ಸೊಪ್ಪು ನಿಲ್ಲಿಸಲಿಲ್ಲ.

ನಮ್ಮದು ಕುರಿ ಕಾಯುವ ಮನೆತನ. ಮನೆಯಲ್ಲಿ ಕುರಿ ಕುಯ್ದರೆ ಅದರ ಲಿವರನ್ನು, ನಮ್ಮ ಮಾತಿನಲ್ಲಿ ಕಲೀಜವನ್ನು, ಕೆಂಡದಲ್ಲಿ ಸುಟ್ಟು ಕುಯ್ದ ಗಂಡಸಿಗೆ ಮೊದಲು ಕೊಡುವುದು ವಾಡಿಕೆ. ಹೆಂಗಸರ ಪಾಲಿಗೆ ಅದು ಬಂದದ್ದೇ ಇಲ್ಲ. ಆ ಸಲ ಅಪ್ಪ ಕುರಿ ಕುಯ್ದಾಗ ಕಲೀಜವನ್ನು ನಾನು ಓಬಕ್ಕನ ತಟ್ಟೆಗೆ ಹಾಕಿದೆ.

"ಲೇ, ಅದು ಕುಯ್ದೋನ ಪಾಲು ಕಣೇ," ಎಂದ ಅಪ್ಪ.

"ಕುಯ್ದೋನಿಗೆ ಕೂದ್ಲು ಉದುರ್ತಾ ಇಲ್ಲ."

ಅಪ್ಪ ತನ್ನ ಬೋಳು ತಲೆ ಸವರಿಕೊಂಡ. "ಉದುರಾಕೆ ಇದ್ರೆ ತಾನೇ," ಎಂದು ತಟ್ಟೆಯನ್ನು ಮಗಳ ಕಡೆ ಇನ್ನಷ್ಟು ಸರಿಸಿದ.

ತಿಂಗಳೊಳಗೆ ಅವಳಿಗೆ ಮಣ್ಣಿನ ಚಪಲ ಬಿಟ್ಟಿತು. ಮಾತ್ರೆ ಶುರುವಾದ ನಾಲ್ಕನೇ ತಿಂಗಳಿಗೆ ಹಣೆಯಂಚಿನಲ್ಲಿ ಸಣ್ಣ ಕೂದಲು ಎದ್ದು ನಿಂತವು, ಬಾಚಿದರೂ ಮಲಗದೆ. ಮಗುವಿಗೆ ವರ್ಷ ತುಂಬುವಾಗ ನೆತ್ತಿ ಮುಚ್ಚಿತ್ತು. ಮಾತ್ರೆ ನುಂಗಿದರೆ ಅವಳಿಗೆ ಹೊಟ್ಟೆ ತೊಳಸುತ್ತಿತ್ತು. "ಕೂದ್ಲು ಬಂತಲ್ಲಕ್ಕ, ಇನ್ಯಾಕೆ?" ಎಂದಳು.

ಹೌದಲ್ಲ ಎಂದೆ.

ರಕ್ತ ತೋರಿಸಲು ಮತ್ತೆ ಹೋಗಲಿಲ್ಲ. ಕೂದಲನ್ನೇ ನಾವು ಕಾಯಿಲೆ ಎಂದುಕೊಂಡಿದ್ದೆವು. ಅದು ಬಂದಿತೆಂದರೆ ಗುಣವಾಯಿತು ಎಂದುಕೊಂಡೆವು. ಒಳಗೆ ಇನ್ನೂ ಎಷ್ಟು ತುಂಬಬೇಕಿತ್ತೋ ಕನ್ನಡಿಯಲ್ಲಿ ಕಾಣಲಿಲ್ಲ. ಅವಳು ಗಂಡನ ಮನೆಗೆ ಹೋದಳು. ಬೇಗನೆ ಬಸುರಾದಳು. ಏಳನೇ ತಿಂಗಳಲ್ಲಿ ಅವಳ ಕಾಲು ಬಾತವು, ಉಸಿರು ಸಾಲದಾಯಿತು; ಹನುಮಂತ ಅವಳನ್ನು ಮಧುಗಿರಿಗೆ ಕರೆತಂದ. ನಾನೂ ಹೋದೆ. ದಿನ ತುಂಬದ ಹೆರಿಗೆ. ರಕ್ತ ಹೋದದ್ದು ಸ್ವಲ್ಪವೇ ಎಂದರು ಡಾಕ್ಟರು. ಆ ಸ್ವಲ್ಪವನ್ನು ತಾಳಲು ಅವಳಲ್ಲಿ ಏನೂ ಉಳಿದಿರಲಿಲ್ಲ.

ಮೂರನೇ ದಿನ ಮಧ್ಯಾಹ್ನ ಹೋದಳು. ಕೂಸು ಮೊದಲೇ ಹೋಗಿತ್ತು.

ಮಣ್ಣು ಮಾಡುವ ಮೊದಲು ಅವಳ ತಲೆ ಬಾಚುತ್ತಿದ್ದೆ. ಈರಕ್ಕತ್ತೆ ಪಕ್ಕದಲ್ಲಿ ಕೂತು, "ಅವತ್ತೇ ಮುಡಿ ಕೊಟ್ಟಿದ್ರೆ ಉಳೀತಿದ್ಲು," ಎಂದಳು.

ನಾನು ಬಾಚಣಿಗೆ ನಿಲ್ಲಿಸಿದೆ. "ಕೂದ್ಲು ನೋಡತ್ತೆ. ತಲೆ ತುಂಬ ಐತೆ. ದೇವ್ರು ಏನೂ ತಗೊಂಡಿಲ್ಲ. ಕೆಟ್ಟಿದ್ದು ನಮ್ಮ ಕೈಯಾಗೆ. ಅವನ ಮ್ಯಾಲೆ ಹಾಕ್ಬ್ಯಾಡ."

ಅತ್ತೆ ಈಗಲೂ ನನ್ನ ಹತ್ತಿರ ಸರಿಯಾಗಿ ಮಾತಾಡುವುದಿಲ್ಲ. ಆಡದಿರಲಿ.

ಓಬಕ್ಕ ಹೋಗಿ ಆರು ತಿಂಗಳಾಯಿತು. ಊರಲ್ಲಿ ಯಾರಿಗೆ ಹೆರಿಗೆಯಾದರೂ ಬಟ್ಟಲಲ್ಲಿ ಸೊಪ್ಪಿನ ಪಲ್ಯ ಹಿಡಿದು ಹೋಗುತ್ತೇನೆ. "ಸೊಪ್ಪಮ್ಮ ಬಂದ್ಲು, ಬಾಗ್ಲು ಹಾಕ್ರೇ" ಎಂದು ನಗುತ್ತಾರೆ. ಹಾಕಿದ ಬಾಗಿಲನ್ನು ತಟ್ಟುತ್ತೇನೆ. ಮಾತ್ರೆ ಯಾವಾಗ ನಿಲ್ಲಿಸಬೇಕು ಎಂಬುದನ್ನು ತಲೆ ನೋಡಿ ತೀರ್ಮಾನಿಸಬೇಡಿ, ಡಾಕ್ಟರನ್ನು ಕೇಳಿ ಎನ್ನುತ್ತೇನೆ. ಇಬ್ಬರು ಕೇಳಿದ್ದಾರೆ. ಆ ಇಬ್ಬರಿಗೆ ನಾನು ಋಣಿ.

ಓಬಕ್ಕನ ಮಗಳು ನನ್ನ ಹತ್ತಿರವೇ ಇದ್ದಾಳೆ. ಮುದ್ದೆ ನುಂಗುತ್ತಾಳೆ, ಹಟ ಮಾಡುತ್ತಾಳೆ, ಗಟ್ಟಿಯಾಗಿದ್ದಾಳೆ. ಮೊನ್ನೆ ಪಾವಗಡದ ಸ್ಟುಡಿಯೋದಲ್ಲಿ ಅವಳದೊಂದು ಫೋಟೋ ತೆಗೆಸಿ ಗೋಡೆಗೆ ಹಾಕಿದೆ. ಅವಳ ತಾಯಿಯನ್ನೂ ಒಮ್ಮೆ ಅಲ್ಲಿಗೆ ಕರೆದಿದ್ದೆ. ಕೂದಲು ಇನ್ನೂ ಉದ್ದ ಬರಲಿ ಎಂದಿದ್ದಳು. ಓಬಕ್ಕನ ಫೋಟೋ ನಮ್ಮ ಮನೆಯಲ್ಲಿ ಒಂದೂ ಇಲ್ಲ.